ಮರುಭೂಮಿಯ ಬಿಸಿಲಲ್ಲಿ ಮನೆ ಹೊರಗೆ ಕೂರುವ ಜಾಗಕ್ಕೆ ಮೇಲೊಂದು ತಗಡು ಹಾಕಿದರೆ ಸಾಕಾ?

ಸಾಲದು. ಬರೀ ತಗಡು ತಾನೇ ಕಾದು, ಕೆಳಗೆ ಕೂತವರ ತಲೆ ಮೇಲೆ ಬಿಸಿ ಸುರಿಯುತ್ತದೆ. ಶೇಡ್ ನೆಟ್ ಅಥವಾ ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿ ವಾಸಿ, ಬಿಸಿ ಗಾಳಿ ಮೇಲೆ ಹೋಗಲು ದಾರಿ ಇರುತ್ತದೆ. ತಗಡೇ ಬೇಕೆಂದರೆ ಕೆಳಗೆ ಇನ್ನೊಂದು ಪದರ ಕೊಟ್ಟು, ನಡುವೆ ಗಾಳಿಯಾಡಲು ಬಿಡಿ.

ಜಾಸ್ತಿ ಜನ ಮರೆಯುವುದು ಪಶ್ಚಿಮ ದಿಕ್ಕನ್ನು. ಸಂಜೆ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ, ಅದನ್ನು ಚಾವಣಿ ತಡೆಯುವುದಿಲ್ಲ. ಆ ಕಡೆ ಪರದೆಯೋ ಬಳ್ಳಿಯೋ ಬೇಕೇ ಬೇಕು.

ಸೊಳ್ಳೆ ಬಾರದಂತೆ ಜಾಲರಿ ಹಾಕುವುದಾದರೆ, ಅದು ಗಾಳಿಯನ್ನೂ ಸ್ವಲ್ಪ ತಡೆಯುತ್ತದೆ, ಅಲ್ವಾ? ಹಾಗಾಗಿ ಎದುರುಬದುರು ಎರಡೂ ಕಡೆ ದೊಡ್ಡದಾಗಿ ತೆರೆದು ಜಾಲರಿ ಹಾಕಿ. ಒಣ ಹವೆಯಲ್ಲಿ ನೀರನ್ನು ಮಂಜಿನಂತೆ ಸಿಂಪಡಿಸಿದರೂ ಚೆನ್ನಾಗಿ ತಂಪಾಗುತ್ತದೆ. ಕಂಬಗಳನ್ನು ಮಾತ್ರ ಗಟ್ಟಿಯಾಗಿ ಹೂಳಿ, ಧೂಳುಗಾಳಿ ಬಂದಾಗ ನೆಟ್ ಹಾಯಿಯಂತೆ ಎಳೆಯುತ್ತದೆ.