ರೋಗದ ಹೆಸರು ರೋಗಿಗೆ ಗೊತ್ತಾಗಬಾರದೆ?

ಅಂಕೋಲೆಯ ಓದುಗಿಯೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ ಇಷ್ಟು: "ಅಪ್ಪನಿಗೆ 71 ವರ್ಷ. 1976ರಿಂದ ಹದಿನೈದು ವರ್ಷ ಮುಂಬೈಯಲ್ಲಿ ಹಡಗು ದುರಸ್ತಿಯ ಕೆಲಸದಲ್ಲಿದ್ದರು. ಕಳೆದ ಮಳೆಗಾಲದಲ್ಲಿ ಏದುಸಿರು ಶುರುವಾಯಿತು, ಎದೆಯಲ್ಲಿ ನೀರು ತುಂಬಿತ್ತು. ಮೊದಲು ಕ್ಷಯವೆಂದು ಮಾತ್ರೆ ಕೊಟ್ಟರು. ಈಗ ಮಂಗಳೂರಿನಲ್ಲಿ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಎಂದಿದ್ದಾರೆ. ಅಪ್ಪನಿಗೆ ಹೇಳಕೂಡದು ಎಂದು ದೊಡ್ಡಪ್ಪ, ಅಣ್ಣಂದಿರ ಕಟ್ಟಪ್ಪಣೆ. ಬೀಡಿ ಸೇದಿ ಮೈಮೇಲೆ ತಂದುಕೊಂಡರು ಎಂದು ಅವರನ್ನು ಬೈಯುವುದೂ ನಡೆದಿದೆ. ನಾನೇನು ಮಾಡಲಿ?"

ತಂಗಿ, ಹೇಳಿಬಿಡಿ.

ದೊಡ್ಡಪ್ಪನವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. "ನನಗೇನೂ ಹೇಳಬೇಡಿ, ಮಕ್ಕಳ ಹತ್ತಿರ ಮಾತಾಡಿ" ಎನ್ನುವ ಹಕ್ಕು ರೋಗಿಗೆ ಇದೆ. ಆದರೆ ಆ ಮಾತನ್ನು ನಿಮ್ಮ ಅಪ್ಪನೇ ಆಡಬೇಕು. ಅವರ ಪರವಾಗಿ ಆಡುವ ಅಧಿಕಾರವನ್ನು ದೊಡ್ಡಪ್ಪನವರಿಗೆ ಯಾರೂ ಕೊಟ್ಟಿಲ್ಲ.

ಸಿದ್ದಾಪುರದ ಕಡೆಯ ಹಿರಿಯರೊಬ್ಬರಿಗೆ ಮನೆಯವರು ಗ್ಯಾಸ್ಟ್ರಿಕ್ ಎಂದೇ ಹೇಳಿಕೊಂಡು ಬಂದರು. ಅವರು ಔಷಧದ ಚೀಟಿ ಓದಿ ಎಲ್ಲವನ್ನೂ ತಿಳಿದುಕೊಂಡಿದ್ದರು. ಮಕ್ಕಳಿಗೆ ಬೇಸರವಾದೀತೆಂದು ತಿಳಿಯದವರಂತೆ ಇದ್ದರು. ಸೊಸೈಟಿಯ ಸಾಲಕ್ಕೆ ಯಾರಿಗೆ ಜಾಮೀನು ನಿಂತಿದ್ದರು, ತಮ್ಮನ ಪಾಲಿನ ಸೊಪ್ಪಿನಬೆಟ್ಟದ ಗಡಿ ಎಲ್ಲಿಯವರೆಗೆ, ಒಂದನ್ನೂ ಹೇಳದೆ ಹೋದರು. ಎರಡೂ ಮನೆಯವರು ಇಂದಿಗೂ ಕೋರ್ಟಿಗೆ ಅಲೆಯುತ್ತಿದ್ದಾರೆ. ಗುಟ್ಟು ಕಾಪಾಡಿದವರಿಗೆ ಸಿಕ್ಕ ಫಲ ಅದು.

ನಿಮ್ಮ ಅಪ್ಪನ ವಿಷಯದಲ್ಲಿ ಮುಚ್ಚಿಡುವುದು ಇನ್ನೂ ದೊಡ್ಡ ತಪ್ಪು. ಶ್ವಾಸಕೋಶದ ಹೊರಪೊರೆಗೆ ಬರುವ ಈ ಕ್ಯಾನ್ಸರಿಗೆ ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹಳೆಯ ಹಡಗುಗಳ ಬಾಯ್ಲರಿಗೆ, ಉಗಿಯ ಕೊಳವೆಗಳಿಗೆ ಸುತ್ತುತ್ತಿದ್ದುದು ಅದನ್ನೇ. ಅದರ ಎಳೆ ಒಳಗೆ ಸೇರಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷಗಳ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. 1960ರಲ್ಲಿ ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವಿವರ ಪ್ರಕಟಿಸಿ ಈ ನಂಟನ್ನು ತೋರಿಸಿಕೊಟ್ಟರು. ಎಲ್ಲಿ ಬೆಳೆದಿರಿ, ಎಲ್ಲಿ ದುಡಿದಿರಿ ಎಂದು ರೋಗಿಗಳನ್ನೂ ಅವರ ಮನೆಯವರನ್ನೂ ವಿಚಾರಿಸಿದ್ದರಿಂದ ಅದು ಸಾಧ್ಯವಾಯಿತು. ನಿಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಬಲ್ಲವರು ಒಬ್ಬರೇ. ಅವರಿಂದಲೇ ರೋಗದ ಹೆಸರನ್ನು ಬಚ್ಚಿಟ್ಟಿದ್ದೀರಿ.

ಬೀಡಿಯ ಬೈಗುಳವನ್ನು ಇವತ್ತೇ ನಿಲ್ಲಿಸಿ. ಬೀಡಿ ಒಳ್ಳೆಯದೆಂದು ನಾನು ವಕಾಲತ್ತು ವಹಿಸುತ್ತಿಲ್ಲ, ಆದರೆ ಈ ರೋಗ ಅದರಿಂದ ಬರುವುದಿಲ್ಲ. ದುಡಿದು ಮಕ್ಕಳನ್ನು ಓದಿಸಿದ ಮನುಷ್ಯ ಚಟದಿಂದ ಕೆಟ್ಟೆನೆಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದರೆ ಅದು ನೀವು ಮಾಡುತ್ತಿರುವ ಅನ್ಯಾಯ. ಕ್ಷಯದ ಹೆದರಿಕೆಯಲ್ಲಿ ಅವರ ತಟ್ಟೆ, ಲೋಟ ಬೇರೆ ಮಾಡಿದ್ದರೆ ಅದನ್ನೂ ಬಿಡಿ. ಇದು ಅಂಟುವ ರೋಗವಲ್ಲ, ಮೊಮ್ಮಕ್ಕಳು ಪಕ್ಕದಲ್ಲಿ ಮಲಗಲಿ.

ಎಷ್ಟು ದಿನ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ ಕಥೆ ಹೇಳಿ. 1982ರಲ್ಲಿ ಅವರ ಹೊಟ್ಟೆಯ ಒಳಪೊರೆಯಲ್ಲಿ ಇದೇ ರೋಗ ಕಾಣಿಸಿತು. ರೋಗ ಗೊತ್ತಾದ ಮೇಲೆ ಬದುಕುವ ಅವಧಿಗೆ ಪುಸ್ತಕಗಳಲ್ಲಿ ಇದ್ದ ಮಧ್ಯಾಂಕ ಎಂಟು ತಿಂಗಳು. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಕೆಲವರು ಬಹಳ ಹೆಚ್ಚು ಎಂದು ಅವರು ಲೆಕ್ಕ ಬಿಡಿಸಿಕೊಂಡರು. ಇಪ್ಪತ್ತು ವರ್ಷ ಬದುಕಿ 2002ರಲ್ಲಿ ಇನ್ನೊಂದು ಕ್ಯಾನ್ಸರಿನಿಂದ ತೀರಿಕೊಂಡರು. ನಿಮ್ಮ ಅಪ್ಪನಿಗೂ ಹಾಗೆಯೇ ಆಗುತ್ತದೆಂದು ನಾನು ಹೇಳಲಾರೆ, ನೀವೂ ಹೇಳಬೇಡಿ. ವೈದ್ಯರು ಕೊಡುವ ಅಂಕಿ ತಾರೀಖಲ್ಲ ಎಂದಷ್ಟು ತಿಳಿಸಿದರೆ ಸಾಕು.

ದಿನನಿತ್ಯದ ಮಾತು: ನೀರು ಮತ್ತೆ ತುಂಬಿದರೆ ತೆಗೆಸಬಹುದು, ತುಂಬದಂತೆ ಎದೆಯೊಳಗಿನ ಪೊರೆಗಳನ್ನು ಒಂದಕ್ಕೊಂದು ಅಂಟಿಸುವ ಉಪಾಯವೂ ಇದೆ. ಟೇಬಲ್ ಫ್ಯಾನಿನ ಗಾಳಿ ಮುಖಕ್ಕೆ ನೇರವಾಗಿ ಬೀಸುವಂತೆ ಇಟ್ಟರೆ ಏದುಸಿರು ಎಷ್ಟೋ ಹಗುರವೆನಿಸುತ್ತದೆ. ನೋವಿಗೆ ಮಾರ್ಫಿನ್ ಎಂದರೆ ಹೌಹಾರಬೇಡಿ. ನೋವು, ಏದುಸಿರು ತಗ್ಗಿಸುವ ಉಪಶಮನ ಚಿಕಿತ್ಸೆಯವರನ್ನು ಕೊನೆಯ ವಾರದಲ್ಲಿ ಹುಡುಕುವ ಬದಲು ಈಗಲೇ ಕಾಣಿರಿ. ಅದಕ್ಕೂ ಘಟ್ಟ ಹತ್ತಿ ಹುಬ್ಬಳ್ಳಿಗೋ, ಇಲ್ಲ ಮಣಿಪಾಲ, ಮಂಗಳೂರಿಗೋ ಹೋಗಬೇಕಾದೀತು. ಕಾರವಾರದ ಮುಂದೆ ನೌಕಾನೆಲೆ ಬಂತು, ಕೈಗಾದಲ್ಲಿ ಅಣುಸ್ಥಾವರ ಬಂತು, ಕಾಳಿ ನದಿಗೆ ಅಣೆಕಟ್ಟುಗಳು ಬಂದವು. ದೊಡ್ಡ ಆಸ್ಪತ್ರೆ ಮಾತ್ರ ಪ್ರತಿ ಚುನಾವಣೆಯ ಭಾಷಣದಲ್ಲಿ ಬಂದು ಹೋಗುತ್ತದೆ.

ಪರಿಹಾರದ ದಾರಿ ಇದೆ. ಕಲ್ನಾರಿನಿಂದ ಬರುವ ಮೆಸೊಥೆಲಿಯೋಮಾ ನೌಕರರ ಪರಿಹಾರದ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಕಲ್ನಾರಿನ ಕೆಲಸಗಾರರ ಆರೋಗ್ಯ ದಾಖಲೆಯನ್ನು ಉದ್ಯಮದವರು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 1976ಕ್ಕೆ ನಲವತ್ತು ಕೂಡಿಸಿ ನೋಡಿ: ಆ ಗಡುವು 2016ಕ್ಕೆ ತೀರಿತು, ರೋಗ ಆಮೇಲೆ ಬಂತು. ಇನ್ನು ಉಳಿದಿರುವುದು ಅಪ್ಪನ ನೆನಪು, ಟ್ರಂಕಿನ ತಳದಲ್ಲಿರಬಹುದಾದ ಪಿಎಫ್ ಚೀಟಿ, ಗೇಟ್ ಪಾಸು. ಯಾವ ಹಡಗು, ಯಾವ ವರ್ಷ, ಜೊತೆಗೆ ಯಾರಿದ್ದರು, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ, ಸಹಿ ಹಾಕಿಸಿ.

ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಾವು ಹಡಗುಗಟ್ಟಲೆ ತರಿಸಿಕೊಂಡು ಶೀಟು ಮಾಡಿ ಕೊಟ್ಟಿಗೆಗೆ ಹೊದಿಸುತ್ತಿದ್ದೇವೆ. ಮಾಡಿನ ಮೇಲೆ ಸುಮ್ಮನೆ ಕೂತ ಶೀಟಿಗಿಂತ ಅದನ್ನು ಕೊರೆಯುವ, ಕತ್ತರಿಸುವ, ಒಡೆಯುವ ಹೊತ್ತಿನ ಧೂಳು ಅಪಾಯಕಾರಿ. ಆ ಕೆಲಸಕ್ಕೆ ನಾವು ಕಳಿಸುವುದು ಮೂಗಿಗೆ ಬಟ್ಟೆಯೂ ಇಲ್ಲದ ಹುಡುಗರನ್ನು.

ಮುಂಬೈ, ಗೋವೆಯ ಹಡಗು ಕೆಲಸ ಮುಗಿಸಿ ಕಾರವಾರ, ಅಂಕೋಲೆ, ಕುಮಟೆಯ ಊರುಗಳಿಗೆ ಮರಳಿದವರು ಇನ್ನೂ ಇರಬೇಕು. ಏದುಸಿರು ಇರುವವರು ಮೊದಲು ವೈದ್ಯರಿಗೆ ತಮ್ಮ ಹಳೆಯ ಕೆಲಸದ ವಿವರ ಹೇಳಲಿ, ಆಮೇಲೆ ನಮಗೆ ಬರೆಯಲಿ. ಪತ್ರ ಎಷ್ಟು ಉದ್ದವಿದ್ದರೂ ಮುದ್ರಿಸುತ್ತೇವೆ. ಬೇಕಾದರೆ ಸಂಪಾದಕರ ಉತ್ತರವನ್ನು ಕತ್ತರಿಸೋಣ.