ಪುರಸಭೆ ಕೆಲಸಕ್ಕೆ ಸೇರಲಾ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ ಸರ್. ನಗರಾಡಳಿತದಲ್ಲಿ ಬೆಳೆಯುವ ಆಸೆ. ‘ಅಲ್ಲೇನಿದೆ, ಬರೀ ಕಸ, ಚರಂಡಿ’ ಅಂತಾರೆ ಮನೆಯಲ್ಲಿ. ಎಲ್ಲಿಂದ ಶುರು ಮಾಡಲಿ?
– ಓದುಗಿ, ಹಾವೇರಿ

ಉತ್ತರ: ಕಸ, ಚರಂಡಿ ಇದೆಯಮ್ಮಾ. ಒಂದು ವಾರ ಅವು ನಿಂತರೆ ಊರಿನ ಗತಿ ಏನು, ಮನೆಯವರನ್ನೇ ಕೇಳಿ. ನಾನು ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಮುಖ್ಯಾಧಿಕಾರಿಯಾಗಿ ನಿವೃತ್ತನಾದವನು.

ಪಟ್ಟಣ ಪಂಚಾಯಿತಿ, ಪುರಸಭೆಯ ಆಡಳಿತ ನೋಡಿಕೊಳ್ಳುವವರು ಮುಖ್ಯಾಧಿಕಾರಿ, ನಗರಸಭೆಯಲ್ಲಾದರೆ ಪೌರಾಯುಕ್ತರು. ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ‘ಬಿ’ ಗುಂಪಿನಲ್ಲಿ ಮುಖ್ಯಾಧಿಕಾರಿ ಹುದ್ದೆಯೂ ಬರುತ್ತದೆ. ಅದಕ್ಕೇ ಕಾಯುತ್ತಾ ಕೂರಬೇಡಿ. ಗುಮಾಸ್ತೆ ಹುದ್ದೆಗೆ ಕರೆದರೂ ಅರ್ಜಿ ಹಾಕಿ. 1964ರ ಪುರಸಭೆಗಳ ಕಾಯ್ದೆಯನ್ನು ಈಗಲೇ ಓದಲು ಶುರು ಮಾಡಿ. ಲೆಕ್ಕ ಗೊತ್ತಿರುವವರಿಗೆ ನಮ್ಮಲ್ಲಿ ಬೆಲೆ ಜಾಸ್ತಿ.

ಕೆಲಸ ಕಲಿಸುವುದು ಮಾತ್ರ ಕೌಂಟರ್. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆಗೆ ಶೇ 5 ರಿಯಾಯಿತಿ, ದೊಡ್ಡ ಸಾಲು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ರಸೀದಿಗಳನ್ನೆಲ್ಲ ಮಡಚಿ ತಂದಿದ್ದರು. ಮನೆಯ ಖಾತೆ ಇನ್ನೂ ತೀರಿಹೋದ ಗಂಡನ ಹೆಸರಲ್ಲೇ ಇತ್ತು. ನಮ್ಮ ಕಚೇರಿಯವರೇ ಅಜ್ಜಿಯನ್ನು ಸುಮ್ನೆ ಮೂರು ಸಲ ಅಲೆಸಿದ್ದರು. ಬೇಕಿದ್ದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಖಾತೆ ಬದಲಾದ ದಿನ ಅವರು ನನ್ನ ಕೈ ಹಿಡಿದುಕೊಂಡು ನಿಂತದ್ದು ಇವತ್ತಿಗೂ ಕಣ್ಣಲ್ಲಿದೆ.

ನಾಳೆ ಬೆಳಗಿನ ಜಾವವೇ ಎದ್ದು, ನಿಮ್ಮ ವಾರ್ಡಿನ ಪೌರಕಾರ್ಮಿಕರು ಹಾಜರಿ ಹಾಕುವ ಜಾಗಕ್ಕೆ ಹೋಗಿ. ಅವರ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಜೊತೆ ಎರಡು ಬೀದಿ ನಡೆಯಿರಿ. ಕಂಡದ್ದನ್ನು ನನಗೆ ಬರೆಯಿರಿ, ಪರೀಕ್ಷೆ ತಯಾರಿಯ ಮಾತು ಆಮೇಲೆ ಆಡೋಣ.