ಹೊಸ ಸೆನ್ಸರ್ ಹಾಕಿದರೂ ಟಿಪ್ಪರ್‌ನ ಎಂಜಿನ್ ದೀಪ ಏಕೆ ಆರುವುದಿಲ್ಲ?

ಭೀಮಸಮುದ್ರದ ಕಡೆ ಅದಿರು ಸಾಗಿಸುವ ನಿಮ್ಮ ಟಿಪ್ಪರ್‌ಗೆ ರೈಲ್ ಪ್ರೆಶರ್ ಸೆನ್ಸರ್ (ಎಂಜಿನ್‌ಗೆ ಹೋಗುವ ಡೀಸೆಲ್‌ನ ಒತ್ತಡ ಅಳೆಯುವ ಭಾಗ) ಬದಲಿಸಿದ ಮೇಲೂ ಅದೇ ಸೆನ್ಸರ್‌ನ ಕೋಡ್ ಬರುತ್ತಿದೆ ಎಂದು ಕೇಳಿದ್ದೀರಿ. ಸ್ಕ್ಯಾನರ್ ತೋರಿಸುವ ಕೋಡ್ ಆ ಸರ್ಕ್ಯೂಟ್‌ನಲ್ಲಿ ಎಲ್ಲೋ ದೋಷವಿದೆ ಎಂದಷ್ಟೇ ಹೇಳುತ್ತದೆ. ಸೆನ್ಸರೇ ಕೆಟ್ಟಿದೆ ಎಂದು ಅದರ ಅರ್ಥವಲ್ಲ.

ಈ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ವೈರ್‌ಗಳಿರುತ್ತವೆ: ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಡುವ 5 ವೋಲ್ಟ್, ಅರ್ತ್ ಮತ್ತು ಸಿಗ್ನಲ್. ಕನೆಕ್ಟರ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಮೊದಲೆರಡು ವೈರ್‌ಗಳ ನಡುವೆ 5 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ಇಲ್ಲದಿದ್ದರೆ, ಅದೇ ಲೈನನ್ನು ಹಂಚಿಕೊಂಡಿರುವ ಇತರ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಮರಳುತ್ತದೋ ಅಲ್ಲಿಯೇ ಶಾರ್ಟ್ ಇರುವ ಸಂಭವ ಹೆಚ್ಚು. ಹಾಗೆ ಎಲ್ಲವನ್ನೂ ಬಿಚ್ಚಿದರೂ ಮರಳದಿದ್ದರೆ ವೈರಿಂಗ್ ಅಥವಾ ಇಸಿಯು ಕಡೆ ಹುಡುಕಬೇಕು.

5 ವೋಲ್ಟ್ ಸರಿಯಿದ್ದರೆ ಕನೆಕ್ಟರನ್ನು ಮತ್ತೆ ಜೋಡಿಸಿ, ಅದರ ಹಿಂಬದಿಯಿಂದ ಸಿಗ್ನಲ್ ಅಳೆಯಿರಿ. ಒತ್ತಡವಿಲ್ಲದಾಗ ಬಹುತೇಕ ಸೆನ್ಸರ್‌ಗಳಲ್ಲಿ ಸುಮಾರು 0.5 ವೋಲ್ಟ್ ಬರಬೇಕು. ಆಗ ವೈರಿಂಗನ್ನು ಅಲುಗಾಡಿಸಿದಾಗ ಅಂಕಿ ಜಿಗಿದರೆ ದೋಷ ವೈರ್ ಅಥವಾ ಪಿನ್‌ನಲ್ಲಿದೆ. ಗಣಿ ರಸ್ತೆಯ ಕುಲುಕಾಟ ಮತ್ತು ಕೆಂಪು ಧೂಳು ಸೆನ್ಸರ್‌ಗಿಂತ ಮೊದಲು ಕನೆಕ್ಟರನ್ನೇ ಹಾಳುಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಡೀಸೆಲ್ ಪೈಪನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ.